ಹಿಮದಲ್ಲಿ ಸೈಕಲ್ಲು, ಮಂಕಿಟೋಪಿ ಇತ್ಯಾದಿ

ಮೈನಸ್ 17 ಡಿಗ್ರಿ ಚಳಿಯಲ್ಲಿ ಮಕ್ಕಳನ್ನು ಸೈಕಲ್ ಹತ್ತಿಸಿ ಶಾಲೆಗೆ ಕಳಿಸುವ ಅಪ್ಪ-ಅಮ್ಮಂದಿರ ಬಗ್ಗೆ ನಮ್ಮ ಸಾಗರದಲ್ಲಾದರೆ ಒಂದು ವಾರ ಮಾತಾಡುತ್ತಾರೆ. ಮೊದಲೆರಡು ದಿನ ಮಕ್ಕಳ ಮೇಲೆ ಕನಿಕರ, ಆಮೇಲೆ ತಾಯಿಯ ಮೇಲೆ ಸಿಟ್ಟು, ಕೊನೆಗೆ ಆ ಮನೆಯ ಹಣಕಾಸಿನ ಬಗ್ಗೆ ಗುಮಾನಿ. ಫಿನ್ಲೆಂಡಿನ ಔಲು ಎಂಬ ಊರಿನಲ್ಲಿ ಈ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಸಲಿಗೆ ಆ ಊರಿನವರು ಯಾವುದರ ಬಗ್ಗೆಯೂ ಹೆಚ್ಚು ಮಾತಾಡುವುದಿಲ್ಲ, ಅದು ಬೇರೆ ವಿಷಯ. 2018ರಲ್ಲಿ ಅಲ್ಲಿನ ಮೆಟ್ಸೊಕಂಗಸ್ ಶಾಲೆಯ ಸೈಕಲ್ ನಿಲ್ಲಿಸುವ ಜಾಗದ ಚಿತ್ರವೊಂದು ಜಗತ್ತನ್ನೆಲ್ಲ ಸುತ್ತಿತು. ಶಾಲೆಯಲ್ಲಿರುವುದು ಸುಮಾರು 1200 ಮಕ್ಕಳು. ಅವತ್ತಿನ ಚಳಿ ಮೈನಸ್ 17. ಸೈಕಲ್ಲಿನಲ್ಲಿ ಬಂದವರು ಸುಮಾರು 1000. ಜಗತ್ತು ಬೆರಗಾಯಿತು. ಔಲು ಜನಕ್ಕೆ ಮಾತ್ರ ಜಗತ್ತು ಯಾಕೆ ಬೆರಗಾಯಿತೆಂದು ತಿಳಿಯಲಿಲ್ಲ.

ಅಂಥ ಊರಿಗೆ ನಾವಿಬ್ಬರು, ಅಂದರೆ ನಾನು ಮತ್ತು ನಮ್ಮ ಮನೆಯವಳು, ಜನವರಿಯಲ್ಲಿ ಹೋಗಿ ಇಳಿದೆವು. ಮಗಳು ಅಳಿಯ ಇಬ್ಬರಿಗೂ ಅಲ್ಲಿ ಮೊಬೈಲ್ ಟವರಿನ ತಂತ್ರಾಂಶದ ಕೆಲಸ. ಔಲು ನೋಕಿಯಾದವರ ಊರು. ಆ ಕೆಲಸದ ಎಳೆ ಹಿಡಿದು ಬೆಂಗಳೂರಿನಿಂದ ಅಲ್ಲಿಗೆ ಹೋದವರು ಸಾಕಷ್ಟಿದ್ದಾರೆ. ಬೇಸಿಗೆಯಲ್ಲಿ ಯಾಕೆ ಹೋಗಲಿಲ್ಲ ಎಂದು ಕೇಳಬೇಡಿ. ಟಿಕೆಟ್ಟು ಅಗ್ಗವಿದ್ದದ್ದು ಜನವರಿಯಲ್ಲಿ. ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದವನು ಅಗ್ಗದ ಟಿಕೆಟ್ಟು ಕಂಡರೆ ನರಕಕ್ಕಾದರೂ ಹೊರಡುತ್ತಾನೆ ಎಂದು ಇವಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಊರಿರುವುದು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೋತ್ನಿಯಾ ಕೊಲ್ಲಿಯ ದಡದಲ್ಲಿ. ಡಿಸೆಂಬರ್ ಕೊನೆಗೆ ಹಗಲು ಮೂರೂವರೆ ತಾಸು. ಸಮುದ್ರವೇ ಹೆಪ್ಪುಗಟ್ಟಿ ಅದರ ಮೇಲೆ ಜನ ನಡೆದಾಡುತ್ತಾರೆ.

ಹೊರಡುವ ಮುಂಚೆ ನನ್ನ ಪೆಟ್ಟಿಗೆಯಲ್ಲಿ ಮಂಕಿಟೋಪಿ ಇರುವುದನ್ನು ವಿಡಿಯೋ ಕಾಲಿನಲ್ಲಿ ಕಂಡ ಮಗಳು, "ಅಪ್ಪಾ, ದಮ್ಮಯ್ಯ, ಅದೊಂದು ಬೇಡ" ಎಂದಿದ್ದಳು. ಡಿಸೆಂಬರಿನ 15-16 ಡಿಗ್ರಿಗೆಲ್ಲ ಅದನ್ನು ಏರಿಸಿಕೊಂಡು ವಾಕಿಂಗಿಗೆ ಹೊರಡುವ ನಮ್ಮ ನಿವೃತ್ತರ ತಂಡವನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ತಮಾಷೆ. ಹೋಗಿ ನೋಡಿದರೆ ಔಲುವಿನಲ್ಲಿ ಊರಿಗೆ ಊರೇ ಮಂಕಿಟೋಪಿಯೊಳಗಿತ್ತು. ಬಟ್ಟೆ ಮೆರಿನೋ ಉಣ್ಣೆ, ಬೆಲೆ ನನ್ನ ಟೋಪಿಯ ಎಷ್ಟೋ ಪಟ್ಟು. ಮುಖಕ್ಕೆ ಬಿಟ್ಟ ಕಿಂಡಿ ಮಾತ್ರ ಅದೇ. ಅದರ ಮೇಲೆ ಹೆಲ್ಮೆಟ್ ಕೂರಿಸಿಕೊಂಡು ವೈದ್ಯರು, ಮೇಷ್ಟ್ರುಗಳು, ಎಂಜಿನಿಯರುಗಳು, ಅಂಗನವಾಡಿ ವಯಸ್ಸಿನ ಕೂಸುಗಳು ಸಾಲಾಗಿ ಸೈಕಲ್ ತುಳಿಯುತ್ತ ಹೋಗುತ್ತಿದ್ದರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ನನ್ನ ಕಂದು ಬಣ್ಣದ ಟೋಪಿ ಅಂದಿನಿಂದ ಮನೆಯ ಗೂಟದಲ್ಲಿ ರಾಜಮರ್ಯಾದೆಯಿಂದ ನೇತಾಡಿತು. ನಾನು ಏನೂ ಹೇಳಲಿಲ್ಲ. ಹೇಳದೇ ಇರುವುದರ ಸುಖವನ್ನು ಔಲು ಜನರಿಂದ ಕಲಿಯುತ್ತಿದ್ದೆ.

ಚಳಿ ದೇಶದ ಸೈಕಲ್ ಸವಾರರು ಹೆದರುವುದು ಬೆವರಿಗೆ. ಇದನ್ನು ನಮ್ಮವಳಿಗೆ ಒಪ್ಪಿಸುವ ಹೊತ್ತಿಗೆ ಅಳಿಯ ಬೆವರಿದ. ಮನೆಯಿಂದ ಹೊರಡುವಾಗ ಮೈ ತುಸು ನಡುಗುತ್ತಿರಬೇಕು, ಆಗಲೇ ಬಟ್ಟೆ ಸರಿಯಿದೆ ಎಂದು ಅರ್ಥ. ಐದಾರು ನಿಮಿಷ ತುಳಿದರೆ ಒಳಗಿನಿಂದ ಬಿಸಿ ಹುಟ್ಟುತ್ತದೆ. ಮನೆಯಲ್ಲೇ ಬೆಚ್ಚಗೆ ಹೊದ್ದು ಹೊರಟವನು ದಾರಿಯಲ್ಲಿ ಬೆವರುತ್ತಾನೆ, ಒಳಅಂಗಿ ಒದ್ದೆಯಾಗುತ್ತದೆ, ಸಿಗ್ನಲ್ಲಿನಲ್ಲಿ ನಿಂತನೋ, ಆ ಒದ್ದೆ ಬಟ್ಟೆಯೇ ಚಳಿಯನ್ನು ಎಲುಬಿಗೆ ಮುಟ್ಟಿಸುತ್ತದೆ. ಹಾಗಾಗಿ ಮೈಗೆ ಅಂಟಿ ಒಂದು ತೆಳು ಉಣ್ಣೆ, ಅದರ ಮೇಲೊಂದು ಅಂಗಿ, ಹೊರಗೆ ಗಾಳಿ ತಡೆಯುವ ಜಾಕೀಟು, ಇಷ್ಟೇ. ಬೂಟು ಸಡಿಲವಿರಬೇಕು. ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿಯಾಯಿತೋ, ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಕೈಗಳಿಗಂತೂ ಹ್ಯಾಂಡಲ್ಲಿಗೇ ಕಟ್ಟಿದ ಎರಡು ದಪ್ಪ ಚೀಲಗಳಿರುತ್ತವೆ. ಅದರೊಳಗೆ ಕೈ ತೂರಿಸಿ ಹ್ಯಾಂಡಲ್ ಹಿಡಿದರೆ ಬರಿಗೈಯೂ ನಡೆಯುತ್ತದೆ. ಅಜ್ಜಿ ಮಾತ್ರ ತನ್ನ ಸಿದ್ಧಾಂತ ಬಿಡಲಿಲ್ಲ. ದಿನಾ ಬೆಳಿಗ್ಗೆ ಮೊಮ್ಮಗನ ಹಿಂದೆ ಸ್ವೆಟರ್ ಹಿಡಿದು ಓಡುವುದು, ಅವನು "ಅಜ್ಜೀ, ಬೆವರತ್ತೆ!" ಎಂದು ಕೂಗಿ ಬಾಗಿಲು ಹಾಕಿಕೊಳ್ಳುವುದು. ಹೊರಗೆ ಮೈನಸ್ 20 ಇರುವಾಗ ಮೂರನೇ ಕ್ಲಾಸಿನ ಹುಡುಗ ಬೆವರುತ್ತೇನೆಂದು ದೂರುವುದನ್ನು ಕೇಳಿ ಅವಳು ಪ್ರತಿದಿನ ಹೊಸದಾಗಿ ಗಾಬರಿಯಾಗುತ್ತಿದ್ದಳು.

ಇವರೆಲ್ಲ ಹಿಮದಲ್ಲಿ ಸೈಕಲ್ ತುಳಿಯುವ ವಿಡಿಯೋಗಳನ್ನು ಊರಿಗೆ ಕಳಿಸಿದ್ದಕ್ಕೆ ತಮ್ಮನ ಫೋನು ಬಂತು. "ಅಣ್ಣಾ, ಅಳಿಯಂಗೆ ಇನ್ನೂ ಕಾರು ತಗೊಳ್ಳೋಕೆ ಆಗ್ಲಿಲ್ವಾ?"

ಕಾರಿತ್ತು. ಅದು ಅಂಗಳದ ಮೂಲೆಯಲ್ಲಿ ಕರೆಂಟಿನ ವಯರು ಸಿಕ್ಕಿಸಿಕೊಂಡು ನಿಂತಿತ್ತು. ಅಲ್ಲಿ ಕಾರು ನಿಲ್ಲಿಸುವ ಕಡೆಯೆಲ್ಲ ಒಂದೊಂದು ಪ್ಲಗ್ಗಿನ ಕಂಬ ನೆಟ್ಟಿರುತ್ತಾರೆ. ಕೊರೆಯುವ ಚಳಿಯಲ್ಲಿ ಹೊರಡುವ ಮುಂಚೆ ತಾಸೆರಡು ತಾಸು ಎಂಜಿನ್ ಬಿಸಿ ಮಾಡಬೇಕು. ಆಮೇಲೆ ಗಾಜಿನ ಮೇಲಿನ ಐಸನ್ನು ಕೆರೆಯಬೇಕು. ಮಾಡಿನ ಮೇಲಿನ ಹಿಮವನ್ನು ಗುಡಿಸಬೇಕು. ಇಷ್ಟೆಲ್ಲ ಮಾಡಿ ಕಾರು ಹೊರಡುವ ಹೊತ್ತಿಗೆ ಸೈಕಲ್ಲಿನವನು ಆಫೀಸಿಗೆ ಮುಟ್ಟಿ ಕಾಫಿ ಬಗ್ಗಿಸಿಕೊಳ್ಳುತ್ತಿರುತ್ತಾನೆ. ನಾನು ಅಲ್ಲಿದ್ದಷ್ಟು ದಿನ ಅಕ್ಕಪಕ್ಕದವರ ಹತ್ತಿರ, ಅಳಿಯನ ಗೆಳೆಯರ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ: ಈ ಚಳಿಯಲ್ಲಿ ಸೈಕಲ್ ಯಾಕೆ? ಭೂಮಿ ಉಳಿಸಲಿಕ್ಕೆ, ಆರೋಗ್ಯಕ್ಕೆ, ಛಲಕ್ಕೆ ಎಂಬ ಉತ್ತರಗಳಿಗೆ ಕಾಯುತ್ತಿದ್ದೆ. ಬಂದದ್ದೆಲ್ಲ ಒಂದೇ ಉತ್ತರ, ಅದೂ ಸ್ವಲ್ಪ ಯೋಚಿಸಿದ ಮೇಲೆ: "ಸುಲಭ." ಅಲ್ಲಿಗೆ ನನಗೆ ಖಾತ್ರಿಯಾಯಿತು. ಹಿಮದಲ್ಲಿ ಸೈಕಲ್ ತುಳಿಯುವುದು ಸಾಹಸವೆಂದು ನಾವು ದೂರದಿಂದ ಅಂದುಕೊಳ್ಳುತ್ತೇವೆ. ಹತ್ತಿರ ಹೋದರೆ ಅದರ ಬೇರಿನಲ್ಲಿರುವುದು ಅಪ್ಪಟ ಸೋಮಾರಿತನ. ಇದನ್ನು ತಮ್ಮನಿಗೆ ವಿವರಿಸಿದೆ. ಅವನು ತುಸು ಸುಮ್ಮನಿದ್ದು, "ಇರ್ಲಿ ಬಿಡು ಅಣ್ಣ, ಸಾಲ ಇರಬಹುದು" ಎಂದ.

ಅವನದೂ ತಪ್ಪಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಬ್ಯಾಂಕಿನಲ್ಲಿ ವಾಹನದಿಂದಲೇ ಹುದ್ದೆ ತಿಳಿಯುತ್ತಿತ್ತು. ಜವಾನ ಮತ್ತು ಹೊಸ ಗುಮಾಸ್ತ ಸೈಕಲ್ಲು, ಹಳೇ ಗುಮಾಸ್ತ ಸ್ಕೂಟರು, ಮ್ಯಾನೇಜರು ಕಾರು. ನನ್ನದು 22 ಇಂಚಿನ ಹರ್ಕ್ಯುಲಿಸ್. ಅದರ ಹ್ಯಾಂಡಲ್ಲಿಗೆ ಪುರಸಭೆಯ ತೆರಿಗೆ ಬಿಲ್ಲೆ, ಹಿಂದಿನ ಚಕ್ರಕ್ಕೆ ಉಜ್ಜುವ ಡೈನಮೋ. ಏರು ಬಂದಾಗ ದೀಪ ಮಂಕಾಗಿ, ಬೆಳಕು ಬೇಕಾದ ಕತ್ತಲಲ್ಲೇ ಕೈ ಕೊಡುತ್ತಿತ್ತು. ಸ್ಕೂಟರು ಕೊಂಡ ದಿನ ಆ ಸೈಕಲ್ಲನ್ನು ತೋಟದ ಆಳಿಗೆ ಕೊಟ್ಟೆ, ಕೊಟ್ಟದ್ದಕ್ಕೆ ಊರಲ್ಲಿ ನನ್ನ ಗೌರವ ಒಂದು ಮೆಟ್ಟಿಲು ಏರಿತು. ಈ ಲೆಕ್ಕದಲ್ಲಿ ಅಳಿಯನ ಆಫೀಸಿನ ದೊಡ್ಡ ಅಧಿಕಾರಿಯೂ ಹಿಮ ಮೆತ್ತಿದ ಸೈಕಲ್ಲಿನಿಂದ ಇಳಿಯುವುದನ್ನು ತಮ್ಮನಿಗೆ ಹೇಗೆ ವಿವರಿಸುವುದು?

ಔಲುವಿನ ಸೈಕಲ್ಲುಗಳೂ ಗೌರವ ಹೆಚ್ಚಿಸುವಂಥವಲ್ಲ. ನಾಲ್ಕಿಂಚು ದಪ್ಪ ಟೈರಿನ ಫ್ಯಾಟ್‌ಬೈಕುಗಳು, ಬ್ಯಾಟರಿಯವು, ಮುಂದೆ ಮಕ್ಕಳ ಡಬ್ಬ ಕಟ್ಟಿದವು ಅಲ್ಲಲ್ಲಿ ಕಾಣುತ್ತವೆ. ಊರನ್ನು ಹೊತ್ತು ತಿರುಗುವುದು ಮಾತ್ರ ಅಡ್ಡಕಂಬಿಯಿಲ್ಲದ, ಒಂದೇ ಗೇರಿನ ಹಳೇ ಸೈಕಲ್ಲುಗಳೇ. ಯೊಪೊ ಎಂಬುದೊಂದು ಮಾದರಿ ಇದೆ. ಹೆಲ್ಕಾಮಾ ಕಂಪನಿ 1965ರಲ್ಲಿ ಮೊದಲು ಮಾಡಿದ್ದು. ಗಿಡ್ಡ ಚಕ್ರ, ಬಗ್ಗಿಸಿದ ಒಂದೇ ಕೊಳವೆ, ಎತ್ತರದ ಹ್ಯಾಂಡಲ್ಲು. ಎಂಟು ವರ್ಷದವನೂ ಎಂಬತ್ತು ವರ್ಷದವಳೂ ಸೀಟು ಏರಿಸಿ ಇಳಿಸಿ ಅದೇ ಸೈಕಲ್ ತುಳಿಯಬಹುದು. ಅದಕ್ಕೆ ಬ್ರೇಕು ಕಾಲಿನಲ್ಲಿ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಸೈಕಲ್ ನಿಲ್ಲುತ್ತದೆ. ಚಳಿಗೆ ಇದಕ್ಕಿಂತ ಬುದ್ಧಿವಂತ ಏರ್ಪಾಡು ಕಾಣೆ. ಬ್ರೇಕು ಹಿಂದಿನ ಚಕ್ರದ ಗುಂಬದೊಳಗೆ ಅಡಗಿರುವುದರಿಂದ ಹಿಮ ಅಲ್ಲಿಗೆ ಮುಟ್ಟುವುದಿಲ್ಲ. ನಮ್ಮ ಸೈಕಲ್ಲುಗಳ ಹಾಗೆ ರಿಮ್ಮಿಗೆ ರಬ್ಬರ್ ಉಜ್ಜುವ ಬ್ರೇಕಾದರೆ, ರಿಮ್ಮಿನ ಮೇಲೆ ಐಸು ಕೂತು ಮೊದಲ ಎರಡು ಹಿಡಿತ ಬರೀ ಐಸು ಒರೆಸುವುದಕ್ಕೇ ಹೋಗುತ್ತದೆ. ಬ್ರೇಕಿನ ತಂತಿಯ ಕವಚದೊಳಗೆ ನೀರು ಇಳಿದು ಹೆಪ್ಪುಗಟ್ಟಿದರೆ ಹಿಡಿ ಅಲುಗುವುದೇ ಇಲ್ಲ.

ಗೇರಿನ ಸೈಕಲ್ಲಿಗೆ ಇನ್ನೊಂದು ಕಾಯಿಲೆ. ಫ್ರೀವೀಲಿನೊಳಗೆ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಕೊಂಡಿಗಳಿರುತ್ತವಲ್ಲ, ಪೆಡಲ್ ನಿಲ್ಲಿಸಿದಾಗ ಟಿಕ್ ಟಿಕ್ ಎನ್ನುವುದು ಅವೇ. ಚಳಿಗೆ ಗ್ರೀಸು ಗಟ್ಟಿಯಾದರೆ ಅವು ಮೇಲೇಳುವುದಿಲ್ಲ. ಒಂದು ಬೆಳಿಗ್ಗೆ ಅಳಿಯ ತನ್ನ ದುಬಾರಿ ಗೇರು ಸೈಕಲ್ ಹತ್ತಿ ಜೋರಾಗಿ ತುಳಿಯುತ್ತಿದ್ದ, ಚೈನು ಓಡುತ್ತಿತ್ತು, ಪೆಡಲ್ ತಿರುಗುತ್ತಿತ್ತು, ಸೈಕಲ್ ಮಾತ್ರ ನಿಂತಲ್ಲೇ ಇತ್ತು. ಮೊಮ್ಮಗ ತನ್ನ ಒಂಟಿ ಗೇರಿನ ಮೇಲೆ ಅಪ್ಪನ ಸುತ್ತ ಎರಡು ಪ್ರದಕ್ಷಿಣೆ ಹಾಕಿ ಶಾಲೆಗೆ ಹೊರಟುಹೋದ.

ಇಷ್ಟು ಹೇಳಿಯೂ ನಾನು ಮುಖ್ಯ ಮನುಷ್ಯನನ್ನು ಬಿಟ್ಟೆ. ಅವನನ್ನು ನಾನು ಸರಿಯಾಗಿ ಕಂಡಿದ್ದೂ ಇಲ್ಲ. ಬೆಳಗಿನ ಜಾವ ನಾಲ್ಕೂವರೆ ಸುಮಾರಿಗೆ ನಮ್ಮ ಮಲಗುವ ಕೋಣೆಯ ಚಾವಣಿಯ ಮೇಲೆ ಕಿತ್ತಳೆ ಬೆಳಕೊಂದು ಸುತ್ತಿ ಹೋಗುತ್ತಿತ್ತು, ಅದರ ಹಿಂದೆಯೇ ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು. ಹಿಮ ಕೆರೆಯುವ ಟ್ರ್ಯಾಕ್ಟರು. ವಯಸ್ಸಿನ ದೆಸೆಯಿಂದ ಆ ಹೊತ್ತಿಗೆ ಎಚ್ಚರವಿರುತ್ತಿದ್ದ ನಾನು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಕಾರಿನ ರಸ್ತೆ ಇನ್ನೂ ಬಿಳಿಯಾಗಿ ಮಲಗಿರುವಾಗ ಅವನು ಮೊದಲು ಸೈಕಲ್ ದಾರಿಗೆ ಬರುತ್ತಿದ್ದ. ಶಾಲೆ, ಆಫೀಸಿನ ಮುಖ್ಯ ಸೈಕಲ್ ದಾರಿಗಳು ಬೆಳಿಗ್ಗೆ 7ರೊಳಗೆ ಸಿದ್ಧವಾಗಬೇಕೆಂದು ಅಲ್ಲಿ ಕಟ್ಟಳೆ. ಎರಡು ಲಕ್ಷಕ್ಕೆ ತುಸು ಮೇಲೆ ಜನಸಂಖ್ಯೆಯ ಆ ಊರಿನಲ್ಲಿ 900 ಕಿಲೋಮೀಟರಿಗೂ ಹೆಚ್ಚು ಸೈಕಲ್ ಮತ್ತು ಕಾಲುದಾರಿ ಇದೆ. ದೊಡ್ಡ ರಸ್ತೆ ಅಡ್ಡ ಬಂದ ಎಷ್ಟೋ ಕಡೆ ಅದರ ಕೆಳಗೆ ಸೈಕಲ್ಲಿಗೊಂದು ಸುರಂಗ.

ಟ್ರ್ಯಾಕ್ಟರಿನವನು ನೆಲ ಕಾಣುವಷ್ಟು ಕೆರೆಯುವುದಿಲ್ಲ, ಅದೇ ಅವನ ಕಸುಬುದಾರಿಕೆ. ಸಡಿಲ ಹಿಮವನ್ನು ಬಳಿದು, ಕೆಳಗಿನ ಗಟ್ಟಿ ಪದರವನ್ನು ಬಿಟ್ಟು, ಹಲ್ಲಿನ ಪಟ್ಟಿಯಿಂದ ಅದರ ಮೇಲೆ ಗೀರು ಎಳೆದು ಹೋಗುತ್ತಾನೆ. ಟೈರಿಗೆ ಆ ಗೀರೇ ಹಿಡಿತ. ಹೆಚ್ಚಿನ ಸೈಕಲ್ ದಾರಿಗಳಿಗೆ ಉಪ್ಪು ಹಾಕುವುದಿಲ್ಲ. ಚಳಿ ಮೈನಸ್ ಹತ್ತರ ಕೆಳಗಿಳಿದರೆ ಉಪ್ಪಿನ ಆಟ ಅಷ್ಟಾಗಿ ನಡೆಯುವುದಿಲ್ಲ, ನಡೆದಷ್ಟೂ ಕಂದು ರಾಡಿ, ಚೈನಿಗೆ ತುಕ್ಕು. ಬದಲಿಗೆ ಸಣ್ಣ ಜಲ್ಲಿ ಉದುರಿಸುತ್ತಾರೆ. ಹಿಮದಡಿ ರಸ್ತೆಯ ಬಣ್ಣದ ಗುರುತುಗಳು ಮುಚ್ಚಿಹೋಗುವುದರಿಂದ ಕೆಲವು ಕಡೆ ಕಂಬದ ಮೇಲಿನಿಂದ ಬೆಳಕಿನಲ್ಲೇ ಸೈಕಲ್ಲಿನ ಚಿತ್ರವನ್ನು ಹಿಮದ ಮೇಲೆ ಬಿಡುತ್ತಾರೆ. ಕತ್ತಲಲ್ಲಿ ಆ ಚಿತ್ರ ನೋಡಿ ಮನೆಯವಳು, "ದೇವರ ಮನೆ ಮುಂದೆ ರಂಗೋಲಿ ಅಚ್ಚು ಒತ್ತಿದಂಗಿದೆ" ಎಂದಳು.

ಚಳಿಗಾಲದ ಸೈಕಲ್ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನವೂ ನಡೆಯುತ್ತದೆ. ಮೊದಲನೆಯದು 2013ರಲ್ಲಿ ಇದೇ ಔಲುವಿನಲ್ಲಿ. ಆಮೇಲೆ ಕೆನಡಾದ ವಿನಿಪೆಗ್, ಅಮೆರಿಕದ ಮಿನಿಯಾಪೊಲಿಸ್, ಮಾಸ್ಕೋ ಹೀಗೆ ಊರೂರು ಸುತ್ತಿತು. ಸೈಕಲ್ಲಿನ ಸಮ್ಮೇಳನವಾದರೂ ಅಲ್ಲಿ ಕೇಳಿಬರುವ ದೊಡ್ಡ ಚರ್ಚೆ ಹಿಮ ಕೆರೆಯುವುದು, ಯಾರು, ಎಷ್ಟು ಗಂಟೆಗೆ, ಯಾವ ಪಟ್ಟಿಯಲ್ಲಿ. ಸರಿಯಾಗಿಯೇ ಇದೆ. ಸವಾರನ ಸೋಮಾರಿತನ ನಡೆಯಬೇಕಾದರೆ ಯಾರೋ ಒಬ್ಬ ನಾಲ್ಕು ಗಂಟೆಗೆ ಎದ್ದಿರಬೇಕು. ಚಳಿಗಾಲ ಪ್ರತಿವರ್ಷ ಬರುತ್ತದೆ ಎಂಬುದು ಆ ಊರಿಗೆ ಮನವರಿಕೆಯಾಗಿದೆ. ನಮ್ಮ ಕಡೆಯೂ ಮಳೆಗಾಲ ಪ್ರತಿವರ್ಷ ಬರುತ್ತದೆ. ಪ್ರತಿವರ್ಷವೂ ಚರಂಡಿಗಳಿಗೆ ಅದು ಹೊಸ ಸುದ್ದಿ.

ನಾನು ಸೈಕಲ್ ಹತ್ತಿದ್ದು ಫೆಬ್ರವರಿಯಲ್ಲಿ. ಗಾಳಿಯಿಲ್ಲದ, ಮೈನಸ್ 12ರ ಒಂದು ಭಾನುವಾರ. ಮಗಳ ಸೈಕಲ್ಲು, ಅದಕ್ಕೆ ಮೊಳೆ ಟೈರು. ಟೈರಿನ ಮೈತುಂಬ ಸಾಸಿವೆಗಿಂತ ತುಸು ದೊಡ್ಡ ಲೋಹದ ಮೊಳೆಗಳು. ತುದಿಗೆ ಟಂಗ್‌ಸ್ಟನ್ ಕಾರ್ಬೈಡ್, ಬೇಗ ಸವೆಯದ ಗಟ್ಟಿ ವಸ್ತು. ಐಸಿನ ಮೇಲೆ ಅವು ಕಚ್ಚಿ ಹಿಡಿಯುತ್ತವೆ. ಅಪ್ಪಿತಪ್ಪಿ ಬರೀ ಡಾಂಬರಿನ ಮೇಲೆ ಬಂದರೆ ಚಿಟಪಟ ಎಂದು ಊರಿಗೆಲ್ಲ ಕೇಳುವ ಸದ್ದು. ಇಂಥ ಟೈರುಗಳ ವಿಷಯದಲ್ಲಿ ಫಿನ್ನರು ಹಳಬರು. ಹಿಮಕ್ಕೆಂದೇ ಲಾರಿ ಟೈರು ಮಾಡಿದ್ದು ಅವರು, 1934ರಲ್ಲಿ. ಮಾಡಿದ್ದು ಯಾರೆಂದರೆ ಫಿನ್ನಿಷ್ ರಬ್ಬರ್ ಕಾರ್ಖಾನೆ. ಅದೂ, ಒಂದು ಕಾಗದದ ಗಿರಣಿಯೂ, ಒಂದು ಕೇಬಲ್ ಕಾರ್ಖಾನೆಯೂ 1967ರಲ್ಲಿ ಒಂದಾಗಿ ಹುಟ್ಟಿದ್ದೇ ಇವತ್ತಿನ ನೋಕಿಯಾ. ನಮ್ಮಲ್ಲಿ ಹಾವಿನ ಆಟದ ಫೋನು ಮಾರಿದ ಕಂಪನಿ ಒಂದು ಕಾಲಕ್ಕೆ ಗಂಬೂಟು, ಸೈಕಲ್ ಟೈರು ಮಾರುತ್ತಿತ್ತು. ಟೈರಿನ ವ್ಯವಹಾರ 1988ರಲ್ಲಿ ಬೇರೆಯಾಗಿ ಹೋಯಿತು. ಮಗಳನ್ನು ಆ ದೇಶಕ್ಕೆ ಕರೆಸಿದ ಮನೆತನದ ದಾಯಾದಿಯೇ ಹಿಮದ ಟೈರಿಗೆ ಹೆಸರಾದವನು ಎಂದು ತಿಳಿದು ನನಗೆ ಸುಮ್ಮನೇ ಒಂದು ಬಗೆಯ ನೆಂಟಸ್ತಿಕೆ ಹುಟ್ಟಿತು.

ಮೊಮ್ಮಗ ಗುರು. "ಅಜ್ಜ, ಹ್ಯಾಂಡಲ್ ಅಲ್ಲಾಡಿಸ್ಬೇಡ. ತಿರುವಲ್ಲಿ ತುಳೀಬೇಡ, ಬ್ರೇಕೂ ಹಾಕ್ಬೇಡ. ಮುಂದೆ ನೋಡು, ಚಕ್ರ ನೋಡ್ಬೇಡ. ಹೆದರ್ಕೊಂಡ್ರೆ ಬೀಳ್ತೀಯ." ಐವತ್ತೈದು ವರ್ಷದ ಹಿಂದೆ ತಾಸಿನ ಬಾಡಿಗೆ ಸೈಕಲ್ಲಿನಲ್ಲಿ ನನಗೆ ಒಳಪೆಡಲ್ ಕಲಿಸಿದ ಸೋದರಮಾವನೂ ಇದನ್ನೇ, ಇಷ್ಟೇ ಒರಟಾಗಿ ಹೇಳಿದ್ದ. ಟೈರಿನ ಗಾಳಿಯನ್ನು ಹುಡುಗ ತಾನೇ ತುಸು ಇಳಿಸಿದ. ಮೆತ್ತಗಿದ್ದರೆ ನೆಲಕ್ಕೆ ಹೆಚ್ಚು ಅಂಟುತ್ತದಂತೆ.

ಹೊರಟೆ. ಚಳಿ ಮೈನಸ್ ಹತ್ತರ ಕೆಳಗಿದ್ದಾಗ ಹಿಮ ಚಕ್ರದಡಿ ಕಿರುಗುಡುತ್ತದೆ. ಆ ಕಿರ್ರ್ ಸದ್ದು ಒಂದೇ ಸಮ ಇದ್ದರೆ ಕ್ಷೇಮ, ನಿಂತಿತೋ ಐಸಿನ ಮೇಲೆ ಬಂದೆ ಎಂದು ಲೆಕ್ಕ. ಮೂಗಿನ ಕೂದಲು ಒಂದಕ್ಕೊಂದು ಅಂಟುವುದು ತಿಳಿಯುತ್ತದೆ. ರೆಪ್ಪೆಯ ತುದಿಗೆ ಬಿಳಿ ಮಣಿ ಕಟ್ಟುತ್ತದೆ. ನನ್ನ ಮೀಸೆ ಐದು ನಿಮಿಷಕ್ಕೆ ಗಟ್ಟಿಯಾಯಿತು, ನಗಲು ಹೋದರೆ ಎಳೆಯುತ್ತಿತ್ತು. ಹಿಂದಿನ ದಿನ ಯಾರದೋ ಚಕ್ರ ಕೊರೆದು, ರಾತ್ರಿ ಹೆಪ್ಪುಗಟ್ಟಿದ ಒಂದು ಸಾಲು ದಾರಿಯ ನಡುವೆ ಇತ್ತು. ಮುಂದಿನ ಚಕ್ರ ಅದರೊಳಗೆ ಇಳಿದರೆ ಮುಗಿಯಿತು, ಸಾಲು ಎಲ್ಲಿಗೆ ಹೋಗುತ್ತದೋ ಸೈಕಲ್ಲೂ ಅಲ್ಲಿಗೇ. ಯಾವನೋ ಅಪರಿಚಿತ ನಿನ್ನೆ ಕಚೇರಿಗೆ ಹೋದ ದಾರಿಯಲ್ಲಿ ನಾನು ಇವತ್ತು ಬೇಡವೆಂದರೂ ನೂರು ಮಾರು ಹೋದೆ. ಅಷ್ಟರಲ್ಲಿ ಹಿಂದಿನಿಂದ ಗಂಟೆಯ ಸದ್ದು. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬಳು ತಳ್ಳುಗಾಡಿಯ ಮೇಲೆ ಬಂದಳು. ಎರಡು ಉದ್ದ ಉಕ್ಕಿನ ಪಟ್ಟಿ, ಮೇಲೊಂದು ಕುರ್ಚಿ, ಕುರ್ಚಿಯಲ್ಲಿ ತರಕಾರಿ ಚೀಲ. ಹಿಂದೆ ಒಂದು ಕಾಲು ಪಟ್ಟಿಯ ಮೇಲಿಟ್ಟು ಇನ್ನೊಂದರಲ್ಲಿ ನೆಲ ಒದೆಯುತ್ತ ಸಾಗುವ ಗಾಡಿ. ನನ್ನನ್ನು ದಾಟುವಾಗ ತಲೆಯನ್ನು ಅರ್ಧ ಅಂಗುಲ ಬಗ್ಗಿಸಿದಳು. ಔಲುವಿನಲ್ಲಿ ಅದು ದೀರ್ಘ ಸಂಭಾಷಣೆ.

ಹಿಮದ ಮೇಲೆ ಸೈಕಲ್ಲು ಇತ್ತೀಚಿನ ಹುಚ್ಚು ಎಂದುಕೊಳ್ಳಬೇಡಿ. 1899ರಲ್ಲಿ ಅಲಾಸ್ಕದ ನೋಮ್ ಎಂಬಲ್ಲಿ ಸಮುದ್ರದ ಮರಳಿನಲ್ಲೇ ಚಿನ್ನ ಸಿಕ್ಕಿತೆಂದು ಸುದ್ದಿ ಹಬ್ಬಿತು. ಆಗ ಕೆನಡಾದ ಡಾಸನ್ ಊರಿನಲ್ಲಿ ಚಿನ್ನಕ್ಕೆಂದು ಬಂದು ಕೂತ ಸಾವಿರಾರು ಜನರಿದ್ದರು. ನಡುವೆ ಸಾವಿರ ಮೈಲಿಗೂ ಮಿಕ್ಕ ದಾರಿ, ಹೆಪ್ಪುಗಟ್ಟಿದ ಯೂಕಾನ್ ನದಿಯೇ ರಸ್ತೆ. ನಾಯಿಗಾಡಿ ದುಬಾರಿ, ನಾಯಿಗಳಿಗೆ ಹೊಟ್ಟೆ ಬೇರೆ. ಸೈಕಲ್ಲು ತಿನ್ನುವುದಿಲ್ಲ. 1900ರ ಆ ಚಳಿಗಾಲದಲ್ಲಿ ಹೀಗೆ ಲೆಕ್ಕ ಹಾಕಿ ಸೈಕಲ್ ಹತ್ತಿದವರಲ್ಲಿ ಎಡ್ ಜೆಸ್ಸನ್ ಒಬ್ಬ, ಮ್ಯಾಕ್ಸ್ ಹಿರ್ಷ್‌ಬರ್ಗ್ ಇನ್ನೊಬ್ಬ. ಹಿರ್ಷ್‌ಬರ್ಗ್ ಹೊರಟದ್ದು ಮಾರ್ಚಿನಲ್ಲಿ, ಮುಟ್ಟಿದ್ದು ಮೇ ತಿಂಗಳಲ್ಲಿ. ನಾಯಿಗಾಡಿಯ ಪಟ್ಟಿಗಳು ಉಜ್ಜಿ ಮಾಡಿದ ಅಂಗೈ ಅಗಲದ ಗೆರೆಯ ಮೇಲೆ ತುಳಿಯಬೇಕು, ಆ ಕಡೆ ಈ ಕಡೆ ಸರಿದರೆ ಸೊಂಟದವರೆಗೆ ಹಿಮ. ಕೊನೆಕೊನೆಗೆ ಐಸು ಕರಗುವ ಕಾಲ ಬಂದು ಒಂದು ಹೊಳೆಯಲ್ಲಿ ಮುಳುಗುವುದರಲ್ಲಿದ್ದ. ಚಿನ್ನದ ಪುಡಿಯ ಚೀಲ ಅಲ್ಲೇ ಹೋಯಿತು. ನೋಮ್ ಹತ್ತಿರವಾಗುವಾಗ ಸೈಕಲ್ಲಿನ ಚೈನು ತುಂಡಾಯಿತು. ಅವನೇನು ಮಾಡಿದ ಗೊತ್ತೇ? ಕೋಟು ಬಿಚ್ಚಿ, ಕೋಲಿಗೆ ಕಟ್ಟಿ, ಬೆನ್ನ ಹಿಂದೆ ಹಾಯಿ ಮಾಡಿಕೊಂಡ. ಹಿಂದಿನಿಂದ ಬೀಸುತ್ತಿದ್ದ ಗಾಳಿ ಸೈಕಲ್ಲನ್ನು ಐಸಿನ ಮೇಲೆ ನೋಮ್‌ಗೆ ತಂದು ಮುಟ್ಟಿಸಿತು. ಈ ಕತೆಯನ್ನು ಮೊಮ್ಮಗನಿಗೆ ಹೇಳಿ ನಾನು ತೊಂದರೆಗೆ ಸಿಕ್ಕಿದೆ. ಮರುದಿನ ಅಜ್ಜಿಯ ಶಾಲು ಕಾಣೆಯಾಗಿ, ಆಮೇಲೆ ಹೊಳೆದಂಡೆಯಲ್ಲಿ ಎರಡು ಸ್ಕೀ ಕೋಲುಗಳ ನಡುವೆ ಸಿಕ್ಕಿತು.

ಚಳಿ ಇಳಿಯತೊಡಗಿದ ಮೇಲೆ ನನಗೆ ಒಂದು ಆಶ್ಚರ್ಯ ಕಾದಿತ್ತು. ಮೈನಸ್ 20ರಲ್ಲಿ ಧೈರ್ಯವಾಗಿ ಓಡಾಡುತ್ತಿದ್ದ ಜನ ಸೊನ್ನೆ ಡಿಗ್ರಿ ಬಂದಾಗ ಮುಖ ಗಂಟಿಕ್ಕಿದರು. ಐಸು ಯಾಕೆ ಜಾರುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. ಐಸಿನ ಮೈಮೇಲೆ ಸದಾ ನೀರಿನಂಥ ತೆಳುಪೊರೆ ಇರುತ್ತದೆಂದು ಮೈಕೆಲ್ ಫ್ಯಾರಡೆ 1850ರಲ್ಲೇ ಊಹಿಸಿದ್ದ. ಚಳಿ ಏರಿದಷ್ಟೂ ಆ ಪೊರೆ ಬಿಗಿಯಾಗಿ ಐಸು ಒರಟಾಗುತ್ತದೆ, ಸೊನ್ನೆಯ ಹತ್ತಿರ ಸಡಿಲವಾಗಿ ಜಾರುತ್ತದೆ. ಹಗಲು ಕರಗಿ ರಾತ್ರಿ ಮತ್ತೆ ಕಟ್ಟಿದ, ಮೇಲೆ ಒಂದಿಷ್ಟು ನೀರು ನಿಂತ ಐಸಿನ ಮೇಲೆ ಕಾಲ ಮೇಲೆ ನಿಲ್ಲುವುದೂ ಕಷ್ಟ. ಇದನ್ನು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಆಷಾಢದಲ್ಲಿ ಅಂಗಳದ ಚಪ್ಪಡಿಯ ಮೇಲೆ ಹಾವಸೆ ಕಟ್ಟಿದಾಗ ನಾವು ಹೆಬ್ಬೆರಳು ಊರಿ, ಮೊಣಕಾಲು ಸಡಿಲ ಬಿಟ್ಟು, ಪುಟ್ಟ ಹೆಜ್ಜೆ ಇಟ್ಟು ನಡೆಯುತ್ತೇವಲ್ಲ, ಅದೇ ನಡಿಗೆಯಲ್ಲಿ ನಮ್ಮವಳು ಅಂಗಡಿಗೆ ಹೋಗಿ ಬರುತ್ತಿದ್ದಳು, ಒಮ್ಮೆಯೂ ಜಾರಲಿಲ್ಲ. ಫಿನ್ನರ ಎದುರಿನಲ್ಲಿ ಭಾರತದ ಮಾನ ಕಾಪಾಡಿದ್ದು ಅವಳೇ.

ಮಾರ್ಚಿನ ಕೊನೆಗೆ ದಾರಿಯ ಬಿಳಿ ಪದರ ಕರಗಿ, ಚಳಿಗಾಲವಿಡೀ ಉದುರಿಸಿದ ಜಲ್ಲಿಯೆಲ್ಲ ಮೇಲೆದ್ದಿತು. ಒಡೆದ ಗ್ರಾನೈಟಿನ ಚೂಪು ಚೂರುಗಳು. ಹಿಮದಲ್ಲಿ ಒಂದೂ ಪಂಕ್ಚರ್ ಕಾಣದ ಮನೆಯಲ್ಲಿ ಈಗ ದಿನಾ ಯಾರಾದರೊಬ್ಬರು ಬಕೆಟ್ ನೀರಿನಲ್ಲಿ ಟ್ಯೂಬು ಅದ್ದಿಕೊಂಡು ಕೂತಿರುತ್ತಿದ್ದರು. ನನ್ನ ಕಸುಬುದಾರಿಕೆ ಬೆಳಕಿಗೆ ಬಂದದ್ದು ಆಗ. ಟ್ಯೂಬನ್ನು ಮರಳುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ ಒಣಗಿಸಿ, ಪ್ಯಾಚು ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದನ್ನು ಪಕ್ಕದ ಮನೆಯ ಫಿನ್ನಿಷ್ ಮಕ್ಕಳೂ ಬಂದು ನೋಡಿದರು. ಒಬ್ಬಾಕೆ ತಾಯಿ ತನ್ನ ಸೈಕಲ್ಲನ್ನೂ ತಂದು ನಿಲ್ಲಿಸಿ, ಕೆಲಸ ಮುಗಿದ ಮೇಲೆ ಒಂದು ಪೊಟ್ಟಣ ಕಾಫಿಪುಡಿ ಕೊಟ್ಟು ಹೋದಳು. ನಿವೃತ್ತಿಯ ನಂತರ ನಾನು ದುಡಿದ ಮೊದಲ ಸಂಪಾದನೆ.

ಊರಿಗೆ ಹೊರಡುವ ದಿನ ಹತ್ತಿರ ಬಂದಾಗ ತಮ್ಮ ಮತ್ತೆ ಫೋನು ಮಾಡಿದ. ಈ ಸಲ ಅಳಿಯನ ಸಾಲದ ವಿಚಾರವಲ್ಲ. "ಅಣ್ಣಾ, ಆ ಮೊಳೆ ಟೈರು ಅಂದಿದ್ದೆಯಲ್ಲ, ಅದೊಂದು ತರಕ್ಕೆ ಆಗ್ತದಾ? ಮಳೆಗಾಲದಲ್ಲಿ ತೋಟದ ದಾರಿಗೆ ಹಾಕಿ ನೋಡ್ಬಹುದಿತ್ತು." ನಾನು ಅದನ್ನು ನಗೆಮಾತೆಂದು ಬಿಡಲಿಲ್ಲ. ಅಳಿಯನನ್ನು ಕೂರಿಸಿಕೊಂಡು ಚರ್ಚೆಯೇ ನಡೆಸಿದೆ. ಜಂಬಿಟ್ಟಿಗೆ ಕಲ್ಲಿನ ಹಾವಸೆಗೆ ಮೊಳೆ ಕಚ್ಚಬಹುದು, ಕೆಸರಿಗೆ ಪ್ರಯೋಜನವಿಲ್ಲ, ಸಂಕದ ಮರದ ದಬ್ಬೆಯ ಮೇಲೆ ಮಾತ್ರ ಅದ್ಭುತವಾಗಿ ನಿಲ್ಲುತ್ತದೆ ಎಂದು ಇಬ್ಬರೂ ತೀರ್ಮಾನಕ್ಕೆ ಬಂದೆವು. ಅವನು ಮೂಲೆಯಿಂದ ಹಳೆಯದೊಂದನ್ನು ಹುಡುಕಿ ತಂದ. ತೂಗಿದರೆ ಒಂದು ಕಿಲೋದ ಆಸುಪಾಸು. ಪೆಟ್ಟಿಗೆ ಆಗಲೇ 23 ಕಿಲೋ ತುಂಬಿತ್ತು. ತೆರೆದು ನೋಡಿದರೆ ಹಿಮಸೀಮೆಯ ಹಳದಿ ಹಣ್ಣಿನ ಜಾಮಿನ ಬಾಟಲಿಗಳು ಒಂದು ಸಾಲು, ಮಗಳು ಕೊಟ್ಟ ಉಣ್ಣೆಯ ಕಾಲುಚೀಲ, ಕಾಫಿಪುಡಿ. ಯಾವುದನ್ನು ತೆಗೆಯುವುದೆಂದು ನಾನು ನಿಂತಿದ್ದಾಗ ನಮ್ಮವಳು ಬಂದು ನನ್ನ ಮಂಕಿಟೋಪಿ, ಮಫ್ಲರು, ಎರಡು ಸ್ವೆಟರು ಎತ್ತಿ ಹೊರಗಿಟ್ಟು, "ಇವನ್ನ ಹಾಕ್ಕೊಂಡೇ ವಿಮಾನ ಹತ್ತಿ" ಎಂದು, ಟೈರನ್ನು ಮಡಚಿ ಜಾಮಿನ ಬಾಟಲಿಗಳ ಸುತ್ತ ಒಡೆಯದಂತೆ ಇಟ್ಟು ಪೆಟ್ಟಿಗೆ ಮುಚ್ಚಿದಳು.